ಏಳು ವರ್ಷ ಹಳ್ಳಿ, ಮೂರು ವರ್ಷ ಪೇಟೆ

ಸಿಇಟಿ ಅರ್ಜಿ ಹಾಕೋ ಕಾಲಕ್ಕೆ ನಮ್ಮಕ್ಕ ಫೋನ್ ಮಾಡಿದ್ದಳು. ಅವಳನ್ನ ಕೊಟ್ಟಿರೋದು ನಮ್ಮ ಅರಿಶಿನಕುಂಟೆಯಿಂದ ಇನ್ನೂ ಒಳಗಿರೋ ಒಂದು ಹಳ್ಳಿಗೆ. ಮಗಳು ಏಳನೇ ಕ್ಲಾಸಿನ ತನಕ ಊರಿನ ಸರ್ಕಾರಿ ಶಾಲೆಯಲ್ಲೇ ಓದಿದಳು. ಅಲ್ಲಿ ಹೈಸ್ಕೂಲ್ ಇಲ್ಲ, ಹಾಗಾಗಿ ಎಂಟರಿಂದ ಹತ್ತು ನೆಲಮಂಗಲ ಪೇಟೆಯಲ್ಲಿ. ಅವಳಿಗೆ ಬೆಂಗಳೂರಿನ ಯುವಿಸಿಇ ಸೇರೋ ಆಸೆ. 1917ರಲ್ಲಿ ವಿಶ್ವೇಶ್ವರಯ್ಯನವರು ಶುರು ಮಾಡಿದ ಕಾಲೇಜು, 2021ರ ಕಾಯ್ದೆಯಿಂದ ಈಗ ಅದೇ ಒಂದು ಸರ್ಕಾರಿ ವಿಶ್ವವಿದ್ಯಾಲಯ. ಗ್ರಾಮೀಣ ಕೋಟಾ ಹಾಕಬಹುದಾ ಅಂತ ಅಕ್ಕ ಕೇಳಿದಳು. ನಾನು ನಿಯಮ ಓದಿ, ಬರಲ್ಲ ಅಂದೆ.

"ಅದ್ಯಾಕೋ? ಮೂರು ವರ್ಷ ಪೇಟೆ ಸ್ಕೂಲಿಗೆ ಹೋದ್ರೆ ಪೇಟೆಯವಳಾಗ್ಬಿಡ್ತಾಳಾ? ಸಾಯಂಕಾಲ ಬಸ್ಸಿಳಿದು ಮನೆಗೇ ಬರ್ತಿದ್ಲಲ್ಲ!"

ನಂಗೆ ಉತ್ತರ ಹೊಳೀಲಿಲ್ಲ. ಯಾಕಂದ್ರೆ ನಾನು ಬಿಇ ಸೇರಿದ್ದೇ ಈ ಕೋಟಾದಲ್ಲಿ. ಹೆಡ್ ಮಾಸ್ಟರ್ ಸಹಿ, ಬಿಇಒ ಸಹಿ, ಸೀಲು, ಅಷ್ಟೇ.

ಈ ನಿಯಮ ಏನು ಹೇಳುತ್ತೆ ನೋಡಿ. ಶೇ. 15 ಸೀಟು ಗ್ರಾಮೀಣ ವಿದ್ಯಾರ್ಥಿಗಳಿಗೆ, ಶೇ. 5 ಕನ್ನಡ ಮಾಧ್ಯಮದವರಿಗೆ. ಎರಡಕ್ಕೂ ಒಂದರಿಂದ ಹತ್ತನೇ ಕ್ಲಾಸು, ಪೂರ್ತಿ 10 ವರ್ಷ ಲೆಕ್ಕ. ಒಂಬತ್ತು ವರ್ಷ ಓದಿದ್ದರೆ ಸೊನ್ನೆ ವರ್ಷ ಓದಿದ ಹಾಗೆಯೇ. ನಮ್ಮ ಕೋಡಿಂಗ್ ಭಾಷೆಯಲ್ಲಿ ಹೇಳೋದಾದ್ರೆ ಇದು ಬೂಲಿಯನ್. ಹೌದು, ಇಲ್ಲ, ಮಧ್ಯೆ ಏನೂ ಇಲ್ಲ.

ಅದೇ ರ‍್ಯಾಂಕ್ ಹಾಕುವಾಗ ಎಷ್ಟು ಸೂಕ್ಷ್ಮ! ಪಿಯುಸಿಯ ಫಿಸಿಕ್ಸ್, ಕೆಮಿಸ್ಟ್ರಿ, ಗಣಿತದ ಅಂಕಕ್ಕೆ ಅರ್ಧ ತೂಕ, ಸಿಇಟಿ ಅಂಕಕ್ಕೆ ಇನ್ನರ್ಧ. ಪಿಯುಸಿಯಲ್ಲಿ 300ಕ್ಕೆ 270, ಸಿಇಟಿಯಲ್ಲಿ 180ಕ್ಕೆ 90 ಬಂದರೆ 90ರ ಅರ್ಧ, 50ರ ಅರ್ಧ ಸೇರಿ 70. ಅಂಕವನ್ನ ದಶಮಾಂಶದವರೆಗೂ ತೂಗೋರು ಹಳ್ಳಿ ಶಾಲೆಯ ವರ್ಷಗಳನ್ನ ಮಾತ್ರ ಯಾಕೆ ತೂಗಲ್ಲ?

ಹೈಸ್ಕೂಲ್ ಇಲ್ಲದ ಊರು ಇರೋ ಊರಿಗಿಂತ ಹಿಂದುಳಿದಿದೆ ಅಂತ ಯಾರಾದ್ರೂ ಒಪ್ತಾರೆ. ಆದ್ರೆ ಈ ಕೋಟಾ ಸಿಗೋದು ಹೈಸ್ಕೂಲ್ ಇರೋ ಊರಿನ ಮಗುವಿಗೆ. ಊರಲ್ಲಿ ಸರ್ಕಾರ ಹೈಸ್ಕೂಲ್ ಕೊಡಲಿಲ್ಲ, ಆ ಕಾರಣಕ್ಕೆ ಮಗು ಪೇಟೆಗೆ ಹೋಯ್ತು, ಪೇಟೆಗೆ ಹೋಗಿದ್ದಕ್ಕೆ ಕೋಟಾನೂ ಹೋಯ್ತು. ಕನ್ನಡ ಮಾಧ್ಯಮದ್ದೂ ಇದೇ ಕಥೆ. 2019ರಲ್ಲಿ ಸರ್ಕಾರವೇ ಸಾವಿರ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮ ತೆರೆಯೋಕೆ ಹೊರಟಿತು. ಅಂಥ ಕಡೆ ಮಾಧ್ಯಮ ಬದಲಿಸಿದ ಮಗು ಅದುವರೆಗೆ ಎಷ್ಟು ವರ್ಷ ಕನ್ನಡದಲ್ಲಿ ಕಲಿತಿದ್ದರೂ ಲೆಕ್ಕಕ್ಕಿಲ್ಲ.

ಗೆರೆ ಎಲ್ಲಾದ್ರೂ ಎಳೀಲೇಬೇಕಲ್ಲ ಅಂತೀರಿ. ನಿಜ, ಸಡಿಲ ಬಿಟ್ಟರೆ ಎರಡು ವರ್ಷ ಹಳ್ಳಿಯಲ್ಲಿ ಹೆಸರು ಬರೆಸಿ ಕೋಟಾ ಹೊಡೆಯೋರು ಹುಟ್ಟಿಕೊಳ್ತಾರೆ. ಆದ್ರೆ ವರ್ಷಕ್ಕಿಷ್ಟು ಅಂತ ಸ್ವಲ್ಪ ಸ್ವಲ್ಪ ಅಂಕ ಸೇರಿಸುತ್ತಾ ಹೋದರೆ ಎರಡು ವರ್ಷದವನಿಗೆ ಸಿಗೋದು ಚಿಲ್ಲರೆ. ಹತ್ತು ವರ್ಷದವನಿಗೆ ಪೂರ್ತಿ, ಏಳು ವರ್ಷದವಳಿಗೆ ಏಳರಷ್ಟು. ಒಂದು ಸೀಲಿನ ಮೇಲೆ ಇಡೀ ಸೀಟು ನಿಂತಾಗಲೇ ಸುಳ್ಳು ಸರ್ಟಿಫಿಕೇಟಿಗೆ ಬೆಲೆ ಜಾಸ್ತಿ. ಲೆಕ್ಕ ಹಾಕೋದೇನೂ ಕಷ್ಟ ಅಲ್ಲ. ಯಾವ ಮಗು ಯಾವ ವರ್ಷ ಯಾವ ಶಾಲೆಯಲ್ಲಿತ್ತು ಅನ್ನೋದನ್ನ ಶಿಕ್ಷಣ ಇಲಾಖೆಯ ಸ್ಯಾಟ್ಸ್ ದಾಖಲೆ ಈಗಾಗಲೇ ಇಟ್ಟುಕೊಂಡಿದೆ.

ನೆಲಮಂಗಲ ಪುರಸಭೆ ನಗರಸಭೆಯಾಗಿದೆ. ಬೆಳೆಯೋ ಪೇಟೆ ಪಕ್ಕದ ಪಂಚಾಯಿತಿಗಳನ್ನ ನುಂಗುತ್ತೆ. ಶಾಲೆಯ ಹೆಂಚು ಅದೇ, ಮೇಷ್ಟ್ರು ಅವರೇ, ಬೋರ್ಡ್ ಮಾತ್ರ ಬೇರೆ. ಈ ಹೌದು-ಇಲ್ಲ ನಿಯಮ ಹೀಗೇ ಇದ್ದರೆ ನಮ್ಮ ಕಡೆಯ ಇನ್ನಷ್ಟು ಮಕ್ಕಳು ನಡುವೆ ಸಿಕ್ಕಿಕೊಳ್ತಾರೆ.

ಅಕ್ಕನ ಮಗಳು ಕೋಟಾದ ಕಾಲಂ ಖಾಲಿ ಬಿಟ್ಟು ಅರ್ಜಿ ಹಾಕಿದಳು. ಹಾಕಿದ ಮೇಲೆ ನಂಗೆ ಕೇಳಿದ್ದು ಒಂದೇ ಮಾತು: "ಮಾಮ, ನಿಮ್ಮ ಕಾಲದಲ್ಲಿ ನಿಮ್ಮೂರಲ್ಲೇ ಹೈಸ್ಕೂಲ್ ಇತ್ತಾ?"

ಇತ್ತು ಕಣಮ್ಮ.