ಕೋರ್ಟ್ ನಾಕಾದಲ್ಲಿ ಓದಿದ ಗೆಜೆಟಿಯರ್

ಥಾಣೆ ಸ್ಟೇಷನ್ನಿನ ಪಶ್ಚಿಮಕ್ಕಿಳಿದು ರಿಕ್ಷಾದವನಿಗೆ ‘ಕೋರ್ಟ್ ನಾಕಾ’ ಅಂದರೆ ಸಾಕು, ಮುಂದೆ ವಿವರಣೆ ಬೇಡ. ಜಿಲ್ಲಾ ನ್ಯಾಯಾಲಯ, ಕಲೆಕ್ಟರ್ ಕಚೇರಿ, ಸೆಂಟ್ರಲ್ ಜೈಲು ಎಲ್ಲವೂ ಕೂಗಳತೆಯಲ್ಲಿವೆ. ಜೈಲಿನ ಗೋಡೆ ಒಂದು ಕಾಲದ ಕೋಟೆಯ ಗೋಡೆ. ಪೋರ್ಚುಗೀಸರು ಶುರುಮಾಡಿ ಮರಾಠರು ಮುಗಿಸಿದ ಆ ಕೋಟೆಯನ್ನು 1774ರ ಡಿಸೆಂಬರಿನಲ್ಲಿ ಇಂಗ್ಲಿಷರು ಗೆದ್ದುಕೊಂಡರು. ಆಗ ಇದು ನಿಜವಾದ ಗಡಿನಾಡು. ಈಚೆ ಸಾಷ್ಟಿ ದ್ವೀಪ ಕಂಪನಿಯದು, ಹಿನ್ನೀರಿನ ಖಾಡಿ ದಾಟಿದರೆ ಕಲ್ಯಾಣ್ ಪೇಶ್ವೆಯದು. ಇಂದು ಅದೇ ಖಾಡಿಯ ಮೇಲೆ ಡೊಂಬಿವಲಿಯ ಲೋಕಲ್ ಹಿಡಿದು ನಿತ್ಯ ದಾಟುವ ನಮಗೆ ಗಡಿ ಎಲ್ಲಿತ್ತೆಂಬ ನೆನಪೂ ಇಲ್ಲ.

ಈ ಜಿಲ್ಲೆಯ ಹತ್ತೊಂಬತ್ತನೆಯ ಶತಮಾನದ ನ್ಯಾಯದಾನ ಹೇಗಿತ್ತು ಎಂದು ತಿಳಿಯಬಯಸುವವರು ಮೊದಲು ಕೈಹಾಕುವ ಪುಸ್ತಕ ಜೇಮ್ಸ್ ಕ್ಯಾಂಬೆಲ್ ಸಂಪಾದಿಸಿದ ಬಾಂಬೆ ಪ್ರೆಸಿಡೆನ್ಸಿಯ ಗೆಜೆಟಿಯರ್, ಥಾಣೆಯ ಹದಿಮೂರನೆಯ ಸಂಪುಟ, 1882. ನಮ್ಮ ಕಡೆಯವರಿಗೆ ಈ ಮಾಲೆ ಹೊಸದಲ್ಲ. ಉತ್ತರ ಕನ್ನಡ 1883ರಲ್ಲಿ, ಬೆಳಗಾವಿ, ಧಾರವಾಡ, ವಿಜಯಪುರ 1884ರಲ್ಲಿ ಇದೇ ಅಚ್ಚಿನಲ್ಲಿ ಹೊರಬಂದವು. ಊರಿನ ಇತಿಹಾಸ ಬರೆಯಹೊರಟ ಮೇಷ್ಟರುಗಳೆಲ್ಲ ಇವತ್ತಿಗೂ ಅವನ್ನೇ ಹಿಂಡುತ್ತಾರೆ. ಮಣ್ಣು, ಮಳೆ, ಮೀನು, ಜಾತಿ, ಬೆಳೆ, ಸಾಲ, ನ್ಯಾಯ, ಶಾಲೆ ಎಂದು ಅಧ್ಯಾಯಗಳ ಕ್ರಮವೂ ಒಂದೇ. ಧಾರವಾಡದ ಸಂಪುಟ ಓದಿದವನಿಗೆ ಥಾಣೆಯದು ಎಲ್ಲಿ ತೆರೆದರೆ ಏನು ಸಿಗುತ್ತದೆ ಎಂಬುದು ಕಣ್ಣು ಮುಚ್ಚಿಯೂ ಗೊತ್ತಾಗುತ್ತದೆ.

ಪುಸ್ತಕಕ್ಕೆ ಸಲ್ಲಬೇಕಾದ್ದನ್ನು ಮೊದಲೇ ಸಲ್ಲಿಸಿಬಿಡುತ್ತೇನೆ. ಇಷ್ಟು ಶಿಸ್ತಿನಿಂದ ಒಂದು ಜಿಲ್ಲೆಯನ್ನು ಬಿಡಿಸಿಟ್ಟ ಕೆಲಸ ಆಮೇಲೆ ಯಾರಿಂದಲೂ ಆಗಿಲ್ಲ. ‘ನ್ಯಾಯ’ ಎಂಬ ಅಧ್ಯಾಯದಲ್ಲಿ ಸಿವಿಲ್ ದಾವೆಗಳ ಒಂದು ಕೋಷ್ಟಕವಿದೆ. ಎಲ್ಲ ಜಿಲ್ಲೆಯ ಸಂಪುಟಗಳಲ್ಲೂ ಇರುವಂಥದ್ದೇ. ಇದನ್ನು ನಿಧಾನವಾಗಿ ಓದಬೇಕು. ಎಷ್ಟು ದಾವೆ, ಸರಾಸರಿ ಎಷ್ಟು ರೂಪಾಯಿಯದು, ಪ್ರತಿವಾದಿ ಬಾರದೆ ಏಕಪಕ್ಷೀಯವಾಗಿ ಮುಗಿದದ್ದೆಷ್ಟು, ತಾನೇ ಒಪ್ಪಿಕೊಂಡದ್ದರಿಂದ ಡಿಕ್ರಿ ಆದದ್ದೆಷ್ಟು, ವಾದ ನಡೆದು ವಾದಿಯ ಪರ ಎಷ್ಟು, ಪ್ರತಿವಾದಿಯ ಪರ ಎಷ್ಟು. ಅಲ್ಲಿಗೆ ನಿಲ್ಲುವುದಿಲ್ಲ. ಡಿಕ್ರಿ ಜಾರಿಗೆ ಸಾಲಗಾರನನ್ನು ಹಿಡಿದು ತಂದದ್ದೆಷ್ಟು, ಆಸ್ತಿ ಜಪ್ತಿಯೋ ಹರಾಜೋ ಆದದ್ದೆಷ್ಟು ಎಂಬ ಅಂಕಣಗಳೂ ಇವೆ. ತನ್ನ ಕೋರ್ಟು ಯಾರ ಕೈಗೆ ಸಿಕ್ಕ ಆಯುಧ ಎಂಬುದನ್ನು ಆಳುವ ಸರ್ಕಾರ ತಾನೇ ಅಚ್ಚು ಹಾಕಿಸಿಕೊಂಡದ್ದು ಸಣ್ಣ ಪ್ರಾಮಾಣಿಕತೆಯಲ್ಲ. ಇಂಥ ಒಂದು ಕೋಷ್ಟಕವನ್ನು ಇವತ್ತಿನ ಯಾವ ಜಿಲ್ಲೆಯೂ ಜನರು ಓದುವ ಪುಸ್ತಕದಲ್ಲಿ ಹಾಕಿದ್ದು ನಾನು ಕಂಡಿಲ್ಲ.

ಆದರೆ ‘ಏಕಪಕ್ಷೀಯ’ ಎಂಬ ಅಂಕಣದ ಒಳಗೆ ಏನು ನಡೆದಿತ್ತು? ಒಮ್ಮೆ ಸೊಸೈಟಿಯ ತಕರಾರೊಂದರಲ್ಲಿ ಸಾಕ್ಷಿ ಹೇಳಲು ನಮ್ಮ ಕಟ್ಟಡದ ಹಿರಿಯರ ಜೊತೆ ಒಂದು ಕೋರ್ಟಿನ ಮೊಗಸಾಲೆಯಲ್ಲಿ ಕೂತಿದ್ದೆ. ಯಾವ ಕೋರ್ಟು ಎನ್ನುವುದು ಬೇಡ. ಪಕ್ಕದ ಬೆಂಚಿನಲ್ಲಿ ಮುರಬಾಡ್ ಕಡೆಯ ಮುದುಕಿಯೊಬ್ಬಳು ಪ್ಲಾಸ್ಟಿಕ್ ಚೀಲದಲ್ಲಿ ಕಾಗದಗಳನ್ನು ಮಡಚಿಟ್ಟುಕೊಂಡು ಕೂತಿದ್ದಳು. ಒಳಗಿನಿಂದ ಜವಾನ ಬಂದು ಒಂದು ಹೆಸರು ಮೂರು ಸಲ ಕೂಗಿದ. ಗಂಡನ ಹೆಸರು, ಅಡ್ಡಹೆಸರು ಸೇರಿಸಿ, ಕಡತದಲ್ಲಿದ್ದಂತೆ, ಒಂದೇ ಉಸಿರಿಗೆ. ಯಾರೂ ಏಳಲಿಲ್ಲ. ಕಾಲುಗಂಟೆಯ ಮೇಲೆ ಆಕೆ ನನ್ನ ಪಕ್ಕದ ಹಿರಿಯರನ್ನು ಕೇಳಿದಳು: ‘ದಾದಾ, ಮಾಝಾ ನಂಬರ್ ಕಧೀ?’ ನನ್ನ ಸರದಿ ಯಾವಾಗ ಅಂತ. ಕಾಗದ ತೆಗೆದು ನೋಡಿದರೆ ಆಗಲೇ ಕೂಗಿ ಹೋದದ್ದು ಅವಳದೇ ಹೆಸರು. ಊರಿನಲ್ಲಿ ಯಾರೂ ಅವಳನ್ನು ಆ ಹೆಸರಿನಿಂದ ಕರೆದದ್ದೇ ಇಲ್ಲ. ಆ ಹೊತ್ತಿಗೆ ಅವಳ ವಕೀಲರು ಬೇರೆ ಕೋರ್ಟಿನಲ್ಲಿದ್ದರು.

ಮುಂದಿನ ತಾರೀಖಿಗೆ ಏನೋ ಸರಿಹೋಗಿರಬಹುದು. ಆದರೆ ಗೆಜೆಟಿಯರಿನ ಆ ಅಂಕಣವನ್ನು ಅಲ್ಲಿಂದೀಚೆಗೆ ಸುಮ್ಮನೆ ಸಂಖ್ಯೆಯೆಂದು ಓದಲು ನನಗಾಗಿಲ್ಲ. ಶಹಾಪುರದ ಕಾಡಿನಿಂದ ಒಬ್ಬ ಕಾತಕರಿ ಆದಿವಾಸಿ ಸಮನ್ಸು ಓದಿಸಿಕೊಂಡು, ಕೂಲಿ ಬಿಟ್ಟು, ನಡೆದು ಬಂದು, ತನ್ನ ಹೆಸರು ಕೂಗಿದಾಗ ಅದು ತನ್ನದೆಂದು ಗುರುತಿಸಿ ಎದ್ದು ನಿಂತರೆ ಮಾತ್ರ ಅವನು ‘ವಾದ ನಡೆದದ್ದು’ ಎಂಬ ಅಂಕಣಕ್ಕೆ ಹೋಗುತ್ತಾನೆ. ಕೋಷ್ಟಕಕ್ಕೆ ಆ ದಾರಿ ಕಾಣುವುದಿಲ್ಲ.

ನನ್ನ ಮುಖ್ಯ ತಕರಾರು ಇದೇ. ಥಾಣೆಯ ನ್ಯಾಯದ ಕತೆ ‘ನ್ಯಾಯ’ ಎಂಬ ಅಧ್ಯಾಯದಲ್ಲಿ ತೀರ ಕಡಿಮೆ ಇದೆ. ಇರುವುದೆಲ್ಲ ಬೇರೆ ಅಧ್ಯಾಯಗಳಲ್ಲಿ ಚೆದುರಿಹೋಗಿದೆ. ಬಂಡವಾಳದ ಅಧ್ಯಾಯಕ್ಕೆ ಹೋಗಿ. ಮದುವೆಯ ಖರ್ಚಿಗೆ ಹಣ ಪಡೆದು ವರ್ಷಗಟ್ಟಲೆ ಮೈದುಡಿಮೆಯನ್ನೇ ಒತ್ತೆ ಇಡುವ ಪದ್ಧತಿಯ ಮಾತು ಅಲ್ಲಿ ಬರುತ್ತದೆ, ದಿನಗೂಲಿಯ ದರ ಹೇಳುವಷ್ಟೇ ತಣ್ಣನೆಯ ದನಿಯಲ್ಲಿ. ನಮ್ಮಲ್ಲಿ ಜೀತ ಅನ್ನುವುದನ್ನು ಇಲ್ಲಿನ ವಾರಲಿ ಆದಿವಾಸಿಗಳು ‘ಲಗ್ನಗಡಿ’ ಅನ್ನುತ್ತಿದ್ದರು. ಲಗ್ನಕ್ಕಾಗಿ ಆಳಾದವನು. ಈ ಕರಾರಿಗೆ ಎಷ್ಟೋ ಸಲ ಕಾಗದವೇ ಇರಲಿಲ್ಲ. ಕಾಗದವಿಲ್ಲದ್ದು ದಾವೆಯಾಗುವುದಿಲ್ಲ, ದಾವೆಯಾಗದ್ದು ಕೋಷ್ಟಕಕ್ಕೆ ಬರುವುದಿಲ್ಲ.

1875ರಲ್ಲಿ ಪುಣೆಯ ಹತ್ತಿರದ ಸುಪೆಯಲ್ಲಿ ರೈತರು ಸಾಹುಕಾರರ ಮನೆಗೆ ನುಗ್ಗಿ ಸಾಲಪತ್ರಗಳನ್ನು ಸುಟ್ಟರು. ಸರ್ಕಾರ ಬೆಚ್ಚಿ ಆಯೋಗ ನೇಮಿಸಿತು. 1879ರಲ್ಲಿ ದಖನ್ ರೈತರ ಪರಿಹಾರ ಕಾಯಿದೆ ಬಂತು. ಹಣದ ಡಿಕ್ರಿಗಾಗಿ ರೈತನನ್ನು ಜೈಲಿಗೆ ಹಾಕಬಾರದೆಂದಿತು, ರಾಜಿ ಮಾಡಿಸುವವರನ್ನು ಹಳ್ಳಿಗಳಲ್ಲಿ ನೇಮಿಸಿತು. ಪುಣೆ, ಸಾತಾರಾ, ಸೋಲಾಪುರ, ಅಹಮದ್‌ನಗರಗಳಿಗೆ ಅದು ಮೊದಲು ಸಿಕ್ಕಿತು. ಘಟ್ಟದ ಮೇಲಿನವರಿಗೆ ಸುಡಲು ಕಾಗದವಾದರೂ ಇತ್ತು. ಘಟ್ಟದ ಕೆಳಗಿನ ವಾರಲಿಗೆ ಅದೂ ಇಲ್ಲ.

ಅವನ ಸರದಿ ಬಂದದ್ದು 1945ರಲ್ಲಿ, ಅದೂ ನಮ್ಮ ಟಿಟ್ವಾಲಾದಿಂದ. ಕಲ್ಯಾಣ್ ದಾಟಿ ಗಣಪತಿ ದರ್ಶನಕ್ಕೆ ಮಂಗಳವಾರ ಇಳಿಯುತ್ತೇವಲ್ಲ, ಅದೇ ಟಿಟ್ವಾಲಾ. ಆ ವರ್ಷದ ಜನವರಿಯಲ್ಲಿ ಅಲ್ಲಿ ನಡೆದ ಕಿಸಾನ್ ಸಭಾದ ಸಮ್ಮೇಳನಕ್ಕೆ ವಾರಲಿಗಳು ಬಂದಿದ್ದರು. ಆಮೇಲೆ ಉಂಬರಗಾವ್, ಡಹಾಣೂ ಕಡೆ ಬಿಟ್ಟಿ ದುಡಿಮೆಯ ಬೇಗಾರಿ ನಿಂತಿತು. ಆ ಕತೆಯನ್ನು ‘ಜೇವ್ಹಾ ಮಾಣೂಸ್ ಜಾಗಾ ಹೋತೋ’ ಎಂಬ ಮರಾಠಿ ಪುಸ್ತಕದಲ್ಲಿ ಬರೆದವರು ಗೋದಾವರಿ ಪರುಳೇಕರ್. ಕಾನೂನು ಓದಿದ ಹೆಂಗಸು, ಮಹಾರಾಷ್ಟ್ರದಲ್ಲಿ ಹಾಗೆ ಓದಿದ ಮೊದಲಿಗರು. ಆದರೆ ಕೋರ್ಟಿಗೆ ಹೋಗದೆ ಕಾಡಿಗೆ ಹೋದರು. ಅವರ ಪುಸ್ತಕವೂ ಕೊರತೆಯಿಲ್ಲದ್ದಲ್ಲ. ಜಮೀನ್ದಾರನ ಮಾತಿಗೆ ಅಲ್ಲಿ ಜಾಗವಿಲ್ಲ, ವಾರಲಿಯೂ ಕಾರ್ಯಕರ್ತೆಯ ಮರಾಠಿಯಲ್ಲೇ ಮಾತಾಡಬೇಕು. ಆದರೂ ಕ್ಯಾಂಬೆಲ್‌ನ ಬಂಡವಾಳದ ಅಧ್ಯಾಯವನ್ನೂ ಇದನ್ನೂ ಎದುರುಬದುರು ಇಟ್ಟು ಓದಿದವನಿಗೆ, ಒಂದೇ ಕಾಡನ್ನು ಒಬ್ಬರು ಅಳತೆಪಟ್ಟಿ ಹಿಡಿದು, ಇನ್ನೊಬ್ಬರು ಬರಿಗಾಲಿನಲ್ಲಿ ನಡೆದು ನೋಡಿದ್ದು ತಿಳಿಯುತ್ತದೆ. ಸಾಹಿತ್ಯ ಅಕಾಡೆಮಿ ಗೋದಾವರಿಯವರ ಪುಸ್ತಕಕ್ಕೆ 1972ರಲ್ಲಿ ಪ್ರಶಸ್ತಿ ಕೊಟ್ಟಿತು.

ಕಾಡಿನ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಥಾಣೆಯ ಭತ್ತದ ರೈತ ಸಸಿಮಡಿಯ ಮೇಲೆ ಸೊಪ್ಪು, ಸೆಗಣಿ, ಕೊಂಬೆ ಹರಡಿ ಸುಡುತ್ತಿದ್ದ. ಅದಕ್ಕೆ ‘ರಾಬ್’ ಅನ್ನುತ್ತಾರೆ. ಶಿರಸಿ-ಸಿದ್ದಾಪುರದವರಿಗೆ ಸೊಪ್ಪಿನ ಬೆಟ್ಟವೆಂದರೆ ಏನೋ ಇವರಿಗೆ ರಾಬ್‌ನ ಕೊಂಬೆ ಹಾಗೆ. 1878ರ ಅರಣ್ಯ ಕಾಯಿದೆ ಬಂದಮೇಲೆ ಕೊಂಬೆ ಕಡಿಯುವುದು ದಿನ ಬೆಳಗಾದರೆ ಮ್ಯಾಜಿಸ್ಟ್ರೇಟನ ಮುಂದೆ ಬರುವ ಅಪರಾಧವಾಯಿತು. ಥಾಣೆ-ಕುಲಾಬಾದ ದೂರುಗಳ ಗದ್ದಲಕ್ಕೇ ಸರ್ಕಾರ 1885ರಲ್ಲಿ ಅರಣ್ಯ ಆಯೋಗ ನೇಮಿಸಬೇಕಾಯಿತು, 1887ರಲ್ಲಿ ವರದಿ ಬಂತು. ಸಂಪುಟ ಹೊರಬಂದ ಮೂರೇ ವರ್ಷದಲ್ಲಿ ಜಿಲ್ಲೆಯೇ ಅದರ ಶಾಂತ ಚಿತ್ರವನ್ನು ಹೀಗೆ ತಿದ್ದಿತು.

ಇನ್ನು ‘ದರೋಡೆ’ ಎಂಬ ತಲೆಬರಹದ ಕೆಳಗೆ ಬರುವ ಮಂದಿ. ಅಕೋಲೆಯ ಕೋಳಿ ಬುಡಕಟ್ಟಿನ ಮುಖಂಡ ರಾಘೋಜಿ ಭಾಂಗರೆ 1844-45ರ ಹೊತ್ತಿಗೆ ಘಟ್ಟದ ಮೇಲೂ ಕೆಳಗೂ ಸಾಹುಕಾರರಿಗೆ ನಿದ್ದೆಯಿಲ್ಲದಂತೆ ಮಾಡಿದ. ಸಾಲ ಕೊಟ್ಟವರ ಮೂಗು ಕತ್ತರಿಸಿದ ಎಂದು ಸರ್ಕಾರಿ ದಾಖಲೆ. 1848ರ ಜನವರಿಯಲ್ಲಿ ಪಂಢರಪುರದಲ್ಲಿ ಯಾತ್ರಿಕರ ನಡುವೆ ಸಿಕ್ಕಿಬಿದ್ದ, ಮೇ 2ರಂದು ಇದೇ ಥಾಣೆ ಜೈಲಿನಲ್ಲಿ ನೇಣಿಗೇರಿದ. ಪನ್ವೇಲ್ ತಾಲೂಕು ಆಗ ಥಾಣೆ ಜಿಲ್ಲೆಯಲ್ಲಿತ್ತು. ಅದರ ಶಿರ್‌ಢೋಣ್‌ನಲ್ಲಿ ಹುಟ್ಟಿದವ ಬಂಡುಕೋರ ವಾಸುದೇವ ಬಳವಂತ ಫಡಕೆ. 1879ರ ಮೇನಲ್ಲಿ ಅವನ ಜೊತೆಗಾರ ದೌಲತರಾವ್ ನಾಯಕನ ಗುಂಪು ಪಳಸ್ಪೆಯನ್ನು ದೋಚಿತು. ನವಿ ಮುಂಬಯಿಯಿಂದ ಮಂಗಳೂರು-ಉಡುಪಿಯ ಬಸ್ಸು ಹತ್ತುವ ನಮ್ಮವರಿಗೆ ಪಳಸ್ಪೆ ಫಾಟಾ ಎಂದರೆ ಗೋವಾ ರಸ್ತೆಗೆ ತಿರುಗುವ ಜಾಗ, ಅಷ್ಟೇ. ಫಡಕೆ ಸಿಕ್ಕಿದ್ದು ಮಾತ್ರ ನಮ್ಮ ನಾಡಿನಲ್ಲಿ: ಜುಲೈನಲ್ಲಿ, ಆಗಿನ ಕಲಾದಗಿ ಜಿಲ್ಲೆಯ ದೇವರನಾವದಗಿಯಲ್ಲಿ, ಜ್ವರ ಹಿಡಿದು ಮಲಗಿದ್ದಾಗ. ವಿಚಾರಣೆ ಪುಣೆಯಲ್ಲಿ ನಡೆಯಿತು, ಅವನ ಪರ ನಿಂತವರಲ್ಲಿ ಸಾರ್ವಜನಿಕ ಕಾಕಾ ಗಣೇಶ ವಾಸುದೇವ ಜೋಶಿ ಒಬ್ಬರು. ಜೀವಾವಧಿ ಶಿಕ್ಷೆಯಾಗಿ ಏಡನ್‌ಗೆ ಹೋಗುವ ಮೊದಲು ಅವನೂ ಥಾಣೆ ಜೈಲಿನ ಗೋಡೆ ಕಂಡವನೇ. 1883ರಲ್ಲಿ ಏಡನ್‌ನಲ್ಲೇ ಸತ್ತ.

ಇಲ್ಲಿ ಕನ್ನಡಿಗ ಓದುಗನಿಗೆ ಹೋಲಿಕೆಯೊಂದು ಹೊಳೆಯದೆ ಇರದು. ಇದೇ ಗೆಜೆಟಿಯರ್ ಮಾಲೆಗೆ ಕನ್ನಡ ಜಿಲ್ಲೆಗಳ ರಾಜವಂಶಗಳ ಇತಿಹಾಸ ಬರೆದುಕೊಟ್ಟವನು ಜೆ. ಎಫ್. ಫ್ಲೀಟ್. ಅವನೂ ಕಂದಾಯದ ಅಧಿಕಾರಿಯೇ. ಆದರೆ 1880ರ ದಶಕದಲ್ಲಿ ಅವನು ‘ಇಂಡಿಯನ್ ಆಂಟಿಕ್ವೆರಿ’ಯಲ್ಲಿ ಕನ್ನಡ ಲಾವಣಿಗಳನ್ನು ಮೂಲದ ಜೊತೆ ಅಚ್ಚು ಹಾಕಿಸಿದ: ಸಂಗೊಳ್ಳಿ ರಾಯಣ್ಣನದು, ಹಲಗಲಿ ಬೇಡರದು, ಬೈಲಹೊಂಗಲದ ಸಂಗ್ಯಾನ ಕೊಲೆಯದು. ಆದಾಯ ತೆರಿಗೆ ಹೇರಿದ್ದರ ಮೇಲಿನ ಲಾವಣಿಯೂ ಅದರಲ್ಲಿದೆ! ಸಂಗ್ಯಾ-ಬಾಳ್ಯಾ ಆಟವನ್ನು ರಾತ್ರಿಯಿಡೀ ಕೂತು ನೋಡಿದವರಿಗೆ ಗೊತ್ತು, ಕೊಂದವನ ನ್ಯಾಯವೇನು, ಸತ್ತವನ ತಪ್ಪೇನು, ನಡುವೆ ಸಿಕ್ಕ ಗಂಗಿಯ ಪಾಡೇನು ಎಂದು ಊರು ತನ್ನದೇ ವಿಚಾರಣೆ ನಡೆಸುತ್ತದೆ. ಕೋರ್ಟು ಒಂದೇ ಸಲ ತೀರ್ಪು ಹೇಳಿ ಏಳುತ್ತದೆ, ಆಟ ಪ್ರತಿ ಜಾತ್ರೆಗೂ ಕಡತ ಬಿಚ್ಚುತ್ತದೆ. ಥಾಣೆಯ ‘ನ್ಯಾಯ’ದ ಅಧ್ಯಾಯಕ್ಕೆ ಅಂಥ ಕಿವಿ ಇಲ್ಲ. ರಾಘೋಜಿಯ ಬಗ್ಗೆ ಅವನ ಜನ ಏನು ಹಾಡಿದರು ಎಂದು ಅದು ಕೇಳುವುದಿಲ್ಲ.

ಕಿವಿಯಿದ್ದವರೂ ಉಳಿದರು ಅಂತಲ್ಲ. ಗೆಜೆಟಿಯರಿಗೆ ಬರೆದವರಲ್ಲಿ ಎ. ಎಂ. ಟಿ. ಜಾಕ್ಸನ್ ಒಬ್ಬ, ಸಂಸ್ಕೃತ ಬಲ್ಲವ. ಅವನು ಕೂಡಿಹಾಕಿದ ಗುಜರಾತ್-ಕೊಂಕಣದ ಜಾನಪದ ಟಿಪ್ಪಣಿಗಳು ಅವನು ಸತ್ತ ಮೇಲೆ ಪುಸ್ತಕವಾದವು. 1909ರ ಡಿಸೆಂಬರ್ 21ರ ರಾತ್ರಿ ನಾಸಿಕದ ನಾಟಕ ಮಂದಿರದಲ್ಲಿ ‘ಶಾರದಾ’ ನೋಡಲು ಬಂದಿದ್ದ ಅವನನ್ನು ಕ್ರಾಂತಿಕಾರಿ ಅನಂತ ಕಾನ್ಹೇರೆ ಗುಂಡಿಕ್ಕಿ ಕೊಂದ. ಕಾನ್ಹೇರೆಗೂ ಅವನ ಇಬ್ಬರು ಸಂಗಾತಿಗಳಿಗೂ 1910ರ ಏಪ್ರಿಲ್ 19ರಂದು ನೇಣಾಯಿತು. ಅದೂ ಥಾಣೆಯಲ್ಲೇ.

ಈ ಜೈಲಿನ ಅತಿ ಹಳೆಯ ಕತೆಯಲ್ಲಿ ವಿಚಾರಣೆಯೇ ಇಲ್ಲ, ಹಾಡೊಂದಿದೆ. 1815ರಲ್ಲಿ ಬಡೋದೆಯ ದೂತ ಗಂಗಾಧರ ಶಾಸ್ತ್ರಿಯ ಕೊಲೆ ಪಂಢರಪುರದಲ್ಲಾಯಿತು. ಪೇಶ್ವೆಯ ನೆಚ್ಚಿನ ತ್ರಿಂಬಕಜಿ ಡೇಂಗಳೆಯ ಮೇಲೆ ಆರೋಪ ಬಂತು. ಪುಣೆಯ ರೆಸಿಡೆಂಟ್ ಮೌಂಟ್‌ಸ್ಟುವರ್ಟ್ ಎಲ್ಫಿನ್‌ಸ್ಟನ್ ಪಟ್ಟುಹಿಡಿದು ಅವನನ್ನು ಪಡೆದು ಥಾಣೆಯ ಕೋಟೆಯಲ್ಲಿ ಕೂಡಿಹಾಕಿಸಿದ. ಮುಂದೆ ಗವರ್ನರನಾಗಿ 1827ರಲ್ಲಿ ಕಾನೂನುಸಂಹಿತೆ ತಂದವನೂ, ಅದಕ್ಕೆ ಮೊದಲು ಊರಿನ ಪಂಚಾಯತಿಯೇ ಒಳ್ಳೆಯದೆಂದು ಬರೆದವನೂ ಈ ಎಲ್ಫಿನ್‌ಸ್ಟನ್ನನೇ. ತ್ರಿಂಬಕಜಿಯ ಕಾವಲಿಗೆ ನಂಬಿಕೆಯವರು ಬೇಕೆಂದು ಬರೀ ಯುರೋಪಿಯನ್ ಸಿಪಾಯಿಗಳನ್ನು ಇಟ್ಟರು. ಬಿಷಪ್ ಹೀಬರ್ ಬರೆದಿಟ್ಟ ಕತೆ ಹೀಗಿದೆ: ಅಧಿಕಾರಿಯೊಬ್ಬನ ಕುದುರೆಯಾಳು ದಿನವೂ ಕಿಟಕಿಯ ಕೆಳಗೆ ಕುದುರೆ ಓಡಾಡಿಸುತ್ತ ಮರಾಠಿಯಲ್ಲಿ ಗುನುಗುತ್ತಿದ್ದ. ಎಲ್ಲೋ ಕುದುರೆಗಳು ಸಿದ್ಧವಿವೆ, ಸವಾರರು ಸಿದ್ಧರಿದ್ದಾರೆ, ಒಬ್ಬನಷ್ಟೇ ಬರಬೇಕು ಎಂಬಂಥ ಹಾಡು. ಕಾವಲಿನವರು ಇವನಿಗೆ ಹಾಡುವ ಹುಚ್ಚು ಅಂದುಕೊಂಡು ಸುಮ್ಮನಿದ್ದರು. 1816ರ ಸೆಪ್ಟೆಂಬರ್ 12ರ ಮಳೆಯ ರಾತ್ರಿ ತ್ರಿಂಬಕಜಿ ಪಾಯಖಾನೆಯ ಗೋಡೆಯ ಕಿಂಡಿಯಿಂದ ಲಾಯಕ್ಕಿಳಿದು, ಖಾಡಿ ದಾಟಿ ಹೋಗಿಬಿಟ್ಟಿದ್ದ.