ಎರೆಹೊಲದ ಚಿತ್ರ

ನಿಸರ್ಗಚಿತ್ರವೆಂದರೆ ಬೆಟ್ಟ, ಮರ, ನೀರು ಎಂಬ ಭಾವನೆ ನಮ್ಮ ರಸಿಕರಲ್ಲಿ ಬಲವಾಗಿ ಬೇರೂರಿದೆ. ಕೆ. ವೆಂಕಟಪ್ಪನವರು ಕಲ್ಕತ್ತೆಯಲ್ಲಿ ಅವನೀಂದ್ರನಾಥ ಠಾಕೂರರ ಬಳಿ ಕಲಿತುಬಂದು ಜಲವರ್ಣದಲ್ಲಿ ಬರೆದ ಚಿತ್ರಗಳು ಈ ಪ್ರಕಾರಕ್ಕೆ ನಮ್ಮಲ್ಲಿ ಮೇಲ್ಪಂಕ್ತಿಯಾದವು. ಅವುಗಳ ವಸ್ತು ಉದಕಮಂಡಲ, ಕೊಡೈಕಾನಲ್‌ಗಳ ಗಿರಿಶ್ರೇಣಿ. ಬಾದಾಮಿಯವರಾದ ಆರ್. ಎಂ. ಹಡಪದರು ಬೆಂಗಳೂರಿನಲ್ಲಿ ಕೆನ್ ಕಲಾಶಾಲೆಯನ್ನು ಕಟ್ಟಿದರು. ಅವರ ಶಿಷ್ಯ ಜೆ. ಎಂ. ಎಸ್. ಮಣಿಯವರ ಕುಂಚಕ್ಕೆ ಬಾದಾಮಿಯ ಜನ ವರ್ಷಗಟ್ಟಲೆ ವಸ್ತುವಾದರು. ಬಾದಾಮಿಗಾದರೋ ಕೆಂಪು ಬಂಡೆಯಿದೆ, ಕೆರೆಯಿದೆ, ಗುಡಿಯಿದೆ. ಆಳಂದ, ಅಫಜಲಪುರ, ಜೇವರ್ಗಿಗಳಿಗೆ ಏನಿದೆ?

ಈ ಪ್ರಶ್ನೆ ನನ್ನದಲ್ಲ. ನಿಮ್ಮ ಊರನ್ನು ವರ್ಣಿಸಿ ಒಂದು ಪ್ರಬಂಧ ಬರೆಯಿರೆಂದು ತರಗತಿಯಲ್ಲಿ ಹೇಳಿದಾಗಲೆಲ್ಲ ಈ ತಾಲ್ಲೂಕುಗಳ ಹುಡುಗರು ಕೇಳುವುದು ಇದನ್ನೇ. “ನಮ್ಮೂರಾಗ ಬರೀಲಾಕ ಏನದರಿ ಸರ್? ಬರೀ ಹೊಲ ಅದ.” ಹೀಗೆಂದವರು ತಾವು ಕಂಡೇ ಇಲ್ಲದ ಜೋಗದ ಮೇಲೆ ನಾಲ್ಕು ಪುಟ ಬರೆದು ತರುತ್ತಾರೆ!

ಈಚೆಗೆ ಕಲಬುರಗಿಯಲ್ಲಿ ನಡೆದ ಕಲಾವಿದ್ಯಾರ್ಥಿಗಳ ಪ್ರದರ್ಶನವೊಂದರಲ್ಲಿ ಜೇವರ್ಗಿ ಕಡೆಯ ತರುಣನೊಬ್ಬನ ಒಂಬತ್ತು ಜಲವರ್ಣಗಳನ್ನು ಕಂಡೆ. ಒಂಬತ್ತರಲ್ಲಿ ಎಂಟು ‘ಬರೀ ಹೊಲ’. ಅವನ್ನು ಕುರಿತು ನಾಲ್ಕು ಮಾತು ಬರೆಯಲೇಬೇಕೆನಿಸಿತು.

ಕಲಬುರಗಿ ಚಿತ್ರಕಲೆಯಲ್ಲಿ ಬಡ ನಾಡಲ್ಲ. 1916ರಲ್ಲಿ ಇಲ್ಲಿ ಹುಟ್ಟಿದ ಎಸ್. ಎಂ. ಪಂಡಿತರು ಮುಂಬಯಿಗೆ ಹೋಗಿ, ಚಲಚ್ಚಿತ್ರದ ಭಿತ್ತಿಪತ್ರ ಮತ್ತು ಕ್ಯಾಲೆಂಡರುಗಳಿಂದ ದೇಶಕ್ಕೆಲ್ಲ ಪರಿಚಿತರಾದರು. ಅವರಿಗೆ ಮೊದಲ ಪಾಠ ಹೇಳಿದ ಶಂಕರರಾವ್ ಆಳಂದಕರರ ಹೆಸರಿನಲ್ಲೇ ಆಳಂದವಿದೆ. ಆದರೆ ಪಂಡಿತರ ಕೀರ್ತಿ ನಿಂತಿರುವುದು ಪುರಾಣದ ಸ್ತ್ರೀಪುರುಷರ ಮೇಲೆ. ಆ ಮೂರ್ತಿಗಳ ಹಿಂದೆ ಕಾಣುವ ವನ, ಸರೋವರಗಳು ಭೀಮಾತೀರದವಲ್ಲ. ಇದನ್ನು ದೋಷವೆಂದು ಎಣಿಸಲಾಗದು. ದೇವಲೋಕದ ಕ್ಯಾಲೆಂಡರನ್ನು ಕೊಳ್ಳುವವರು ದೇಶದಲ್ಲೆಲ್ಲ ಇದ್ದರು. ಎರೆಹೊಲವನ್ನು ಗೋಡೆಗೆ ತೂಗಹಾಕುವವರು ಹೊಲದ ಒಡೆಯರಲ್ಲಿಯೂ ಇರಲಿಲ್ಲ. ಕಲಬುರಗಿಯ ತೊಗರಿಬೇಳೆಗೆ 2019ರಲ್ಲಿ ಭೌಗೋಳಿಕ ಸೂಚಿಯ ಮನ್ನಣೆ ದೊರೆಯಿತು. ಅದು ಬೆಳೆದ ನೆಲಕ್ಕೆ ಚಿತ್ರಶಾಲೆಯ ಮನ್ನಣೆ ಇನ್ನೂ ಬರಬೇಕು.

ಇನ್ನು ಚಿತ್ರಗಳ ಮಾತು. ಎರೆ ಎಂದೊಡನೆ ಕಪ್ಪು ಎನ್ನುವುದು ನಮ್ಮ ರೂಢಿ. ಈ ತರುಣ ಕಪ್ಪು ಬಣ್ಣವನ್ನು ಮುಟ್ಟಿಯೇ ಇಲ್ಲ. ಮಳೆ ನಿಂತ ಮರುದಿನದ ಎರೆಗೆ ನೀಲಿಯ ಮೇಲೆ ಕಂದು ಹಾಯಿಸಿದ್ದಾನೆ. ಬೇಸಗೆಯಲ್ಲಿ ಬಿರಿದು ಬಾಯಿಬಿಟ್ಟ ಎರೆ ಬೂದಿಯ ಬಣ್ಣಕ್ಕೆ ತಿರುಗಿದೆ. ಹೊಸದಾಗಿ ಹೊಡೆದ ನೇಗಿಲ ಸಾಲು ಸಂಜೆಯ ಬೆಳಕಿಗೆ ಬದನೆಯ ಬಣ್ಣ ತಾಳಿದೆ. ನೋಡಿದವನಿಗೆ ಮಾತ್ರ ಬರುವ ಬಣ್ಣಗಳಿವು. ಹಿಂಗಾರಿಯ ಚಿತ್ರದಲ್ಲಿ ಬಿಳಿಜೋಳದ ನಡುವೆ ಕುಸುಬಿಯ ಹೂವಿನ ಸಾಲು, ಬಣ್ಣ ಒಣಗುವ ಮೊದಲೇ ಅದ್ದಿದ ಹಳದಿಯಾಗಿ, ತುದಿಯಲ್ಲಿ ಕದಡಿಹೋಗಿದೆ. ಗಾಳಿ ಬೀಸುತ್ತಿರುವುದು ಅದರಿಂದಲೇ ತಿಳಿಯುತ್ತದೆ.

ಬಯಲನ್ನು ಚಿತ್ರಿಸುವುದು ಬೆಟ್ಟವನ್ನು ಚಿತ್ರಿಸುವುದಕ್ಕಿಂತ ಕಷ್ಟ. ಕಣ್ಣು ನಿಲ್ಲಲು ಆಧಾರವಿಲ್ಲ. ನಡುಹಗಲಿನ ಸೂರ್ಯ ನೆತ್ತಿಯ ಮೇಲಿರುವಾಗ ನೆರಳೂ ಇಲ್ಲ, ನೆರಳಿಲ್ಲದೆ ದೂರ ಹತ್ತಿರಗಳೂ ಇಲ್ಲ. ಮುಂಬಯಿಯ ಜೆ. ಜೆ. ಕಲಾಶಾಲೆ 1857ರಲ್ಲಿ ಆರಂಭವಾದಂದಿನಿಂದ ನಮ್ಮಲ್ಲಿ ಬಳಕೆಗೆ ಬಂದ ಇಂಗ್ಲಿಷರ ಪದ್ಧತಿಯಲ್ಲಿ ಇದಕ್ಕೊಂದು ಸುಲಭ ಪರಿಹಾರವುಂಟು: ಒಂದು ಮೂಲೆಗೆ ಮರ ನಿಲ್ಲಿಸುವುದು. ಎರಡನೆಯ ಚಿತ್ರದಲ್ಲಿ ಈತನೂ ಎಡಕ್ಕೊಂದು ಬೇವಿನ ಮರವನ್ನು ನಿಲ್ಲಿಸಿದ್ದಾನೆ. ಅದು ಪಠ್ಯಪುಸ್ತಕದಲ್ಲಿ ಬೆಳೆದ ಮರ. ಕಡಿದುಹಾಕಿದರೆ ಚಿತ್ರಕ್ಕೆ ಲಾಭವೇ. ಮುಂದಿನ ಚಿತ್ರಗಳಲ್ಲಿ ಆ ಆಸರೆಯನ್ನು ತಾನೇ ಬಿಟ್ಟಿದ್ದಾನೆ. ದಿಗಂತವನ್ನು ಕಾಗದದ ಮೇಲಂಚಿಗೆ ಒಯ್ದು, ಮುಕ್ಕಾಲು ಭಾಗ ನೆಲವನ್ನೇ ತುಂಬಿ, ತೊಗರಿಯ ಸಾಲುಗಳಿಂದಲೇ ದೂರವನ್ನು ಅಳೆದಿದ್ದಾನೆ.

ಆರನೆಯ ಚಿತ್ರ ನನ್ನ ಮಟ್ಟಿಗೆ ಇವುಗಳಲ್ಲಿ ಶ್ರೇಷ್ಠ. ಅದರಲ್ಲಿ ಭೀಮೆ ಇದ್ದಾಳೆ, ಆದರೆ ಕಾಣುವುದಿಲ್ಲ. ದಂಡೆ ಎತ್ತರವಾದ ಕಡೆ ಅಂಚಿಗೆ ಹೋಗಿ ನಿಲ್ಲುವ ತನಕ ನದಿ ಕಣ್ಣಿಗೆ ಬೀಳದೆಂಬುದನ್ನು ಅಲ್ಲಿಯವರು ಬಲ್ಲರು. ಜೋಳ ಒಂದು ಗೆರೆಯ ಬಳಿ ಥಟ್ಟನೆ ನಿಲ್ಲುತ್ತದೆ. ಆಚೆಯ ದಂಡೆಯ ಹೊಲ ತುಸು ಮಾಸಿದ ಬಣ್ಣದಲ್ಲಿ ಮತ್ತೆ ಮೊದಲಾಗುತ್ತದೆ. ನಡುವೆ ಬೆರಳಗಲದಷ್ಟು ಕಾಗದ ಬಿಳಿಯಾಗಿಯೇ ಉಳಿದಿದೆ. ಅಷ್ಟೇ. ಹೊಳೆಯ ಹತ್ತಿರದ ತಂಪು ಮೈಗೆ ತಾಕುತ್ತದೆ.

ಪ್ರದರ್ಶನದಲ್ಲಿ ಜನ ಗುಂಪುಗೂಡಿದ್ದು ಒಂಬತ್ತನೆಯ ಚಿತ್ರದ ಮುಂದೆ. ಅದು ಅಫಜಲಪುರ ತಾಲ್ಲೂಕಿನ ಗಾಣಗಾಪುರದ ಬಳಿ ಅಮರ್ಜೆ ಭೀಮೆಯನ್ನು ಕೂಡುವ ಸಂಗಮ. ನೀರಿದೆ, ಮೆಟ್ಟಿಲಿದೆ, ಮುಳುಗುವ ಸೂರ್ಯನಿದ್ದಾನೆ. ಕೈ ಪಳಗಿದೆ, ಸಂದೇಹವಿಲ್ಲ. ಆದರೆ ಯಾತ್ರಾಸ್ಥಳದ ಅಂಗಡಿಯಲ್ಲಿ ಮಾರುವ ಚಿತ್ರಪಟಕ್ಕೂ ಅದಕ್ಕೂ ಹೆಚ್ಚು ಅಂತರವಿಲ್ಲ. ನೋಡಿ ಬಂದದ್ದನ್ನು ಬರೆದ ಚಿತ್ರವದು. ಉಳಿದವುಗಳಲ್ಲಿ ಆತ ಬದುಕಿದ್ದಾನೆ.

ಒಂದು ಆಕ್ಷೇಪಣೆಯುಂಟು. ಆ ಚಿತ್ರದ ಕೆಳಗೆ ‘ಗಾಣಗಾಪುರ ಸಂಗಮ’ ಎಂದು ಅಂದವಾಗಿ ಬರೆದವನು ಹೊಲದ ಚಿತ್ರಗಳ ಕೆಳಗೆ ‘ನಿಸರ್ಗಚಿತ್ರ 1’, ‘ನಿಸರ್ಗಚಿತ್ರ 2’ ಎಂದು ಸಂಖ್ಯೆ ಹಾಕಿ ಸುಮ್ಮನಾಗಿದ್ದಾನೆ. ಅವನ ಮನೆಯವರು ಹೊಲಕ್ಕೆ ಹೊರಟಾಗ ‘ಎರಡನೆಯ ನಂಬರಿಗೆ ಹೋಗಿ ಬರುತ್ತೇವೆ’ ಎನ್ನುತ್ತಾರೆಯೆ? ಗುಡಿಯ ಹೊಲ, ಹಳ್ಳದ ದಂಡೆಯ ಹೊಲ, ಅಜ್ಜ ಕೊಂಡ ಹೊಲ ಎಂದು ಒಂದೊಂದನ್ನೂ ಹೆಸರಿಟ್ಟೇ ಕರೆಯುತ್ತಾರೆ. ಮುಂದಿನ ಪ್ರದರ್ಶನದಲ್ಲಿ ಚಿತ್ರಗಳ ಕೆಳಗೆ ಆ ಹೆಸರುಗಳನ್ನೂ, ಬರೆದ ತಿಂಗಳನ್ನೂ ಕಾಣಿಸಬೇಕೆಂದು ಅವನಿಗೆ ಹೇಳಿ ಬಂದಿದ್ದೇನೆ.