ಉತ್ತಂಗಿ ಚನ್ನಪ್ಪನವರ ಕೃತಿಗಳಲ್ಲಿ ಪ್ರತ್ಯಭಿಜ್ಞೆ

ಹುಟ್ಟಿನೊಡನೆ ಬಂದ ಮತಕ್ಕೂ ಬಾಳಿನಲ್ಲಿ ತಾನಾಗಿ ಕಂಡುಕೊಂಡ ದೈವಕ್ಕೂ ಇರುವ ಅಂತರವನ್ನು ಕನ್ನಡ ಸಾಹಿತ್ಯದ ಚರಿತ್ರಕಾರರು ವಿರಳವಾಗಿ ವಿಚಾರಿಸಿರುವರು. ಪಂಪನ ತಂದೆ ಅಭಿರಾಮದೇವರಾಯನು ವೈದಿಕ ಕುಲದಲ್ಲಿ ಹುಟ್ಟಿ ಜಿನಧರ್ಮವನ್ನು ತಾನೇ ಆರಿಸಿಕೊಂಡನು. ಮಗನಿಗೆ ಅದು ಮನೆಯ ಸೊತ್ತಾಗಿ ಬಂದಿತು. ಮುಧೋಳದ ಬಳೆಗಾರರ ಮನೆಯಲ್ಲಿ ಹುಟ್ಟಿದ ರನ್ನನಿಗಾದರೂ ಜಿನಭಕ್ತಿಯು ಕುಲಾಗತವೇ. ತಂದೆಯು ಆರಿಸಿಕೊಂಡುದು ಮಗನಿಗೆ ಯಾವಾಗ, ಹೇಗೆ ಸ್ವಂತವಾಗುವುದು? ಪಂಪನು ಆದಿಪುರಾಣವನ್ನು ಬರೆದು ಈ ಪ್ರಶ್ನೆಗೆ ತನ್ನ ಬಗೆಯ ಉತ್ತರವನ್ನು ಕೊಟ್ಟನೆನ್ನಬಹುದು. ಸಾವಿರ ವರ್ಷಗಳ ತರುವಾಯ ಅದೇ ಪ್ರಶ್ನೆಯನ್ನು ಕ್ರೈಸ್ತ ಮನೆತನವೊಂದರಲ್ಲಿ ಎದುರಿಸಿದವರು ಉತ್ತಂಗಿ ಚನ್ನಪ್ಪನವರು.

ಅವರು ಜನಿಸಿದುದು ೧೮೮೧ರಲ್ಲಿ, ಧಾರವಾಡದಲ್ಲಿ. ಹಿರಿಯರು ಹೂವಿನಹಡಗಲಿ ಸೀಮೆಯ ಉತ್ತಂಗಿಯ ವೀರಶೈವರು. ಮನೆತನವು ಬಾಸೆಲ್ ಮಿಶನ್ನಿನ ಮೂಲಕ ಕ್ರೈಸ್ತಧರ್ಮಕ್ಕೆ ಬಂದಿತ್ತು. ಆ ಮಿಶನ್ನು ೧೮೩೪ರಲ್ಲಿ ಮಂಗಳೂರಿನಲ್ಲಿ ಕಾಲೂರಿ, ೧೮೩೭ರಲ್ಲಿ ಧಾರವಾಡಕ್ಕೂ ೧೮೫೧ರಲ್ಲಿ ಗುಳೇದಗುಡ್ಡಕ್ಕೂ ಹಬ್ಬಿದ್ದಿತು. ಚನ್ನಪ್ಪನವರು ಮಂಗಳೂರಿನ ವೇದಪಾಠಶಾಲೆಯಲ್ಲಿ ಕಲಿತು, ಧಾರವಾಡ ಸೀಮೆಯ ಸಭೆಗಳಲ್ಲಿ ಪಾಲಕರಾಗಿ ದುಡಿದರು. ಸರ್ವಜ್ಞನ ತ್ರಿಪದಿಗಳನ್ನು ಸಂಗ್ರಹಿಸಿ ೧೯೨೪ರಲ್ಲಿ ಪ್ರಕಟಿಸಿದರು. ೧೯೪೯ರಲ್ಲಿ ಕಲಬುರ್ಗಿಯ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದರು. ೧೯೬೨ರಲ್ಲಿ ಕ್ರೈಸ್ತರಾಗಿಯೇ ದೇಹವಿಟ್ಟರು. ವೀರಶೈವ ವಾಙ್ಮಯದ ಸೇವೆಯಲ್ಲಿ ಅವರಷ್ಟು ಸವೆದ ಅನ್ಯಮತೀಯರು ಮತ್ತೊಬ್ಬರಿಲ್ಲವೆಂಬುದು ಪಂಡಿತರಿಗೆ ವಿದಿತವೇ.

ಇಂಥವರ ಶ್ರದ್ಧೆಯನ್ನು ಕುರಿತು ಎರಡು ಅಭಿಪ್ರಾಯಗಳು ಬಳಕೆಯಲ್ಲಿವೆ. ಒಳಗೆ ವೀರಶೈವರೇ ಆಗಿದ್ದು ಹೊರಗೆ ಮಾತ್ರ ಪಾದ್ರಿಗಳಾಗಿದ್ದರೆಂಬುದು ಒಂದು. ವಚನಗಳನ್ನು ಕ್ರಿಸ್ತನ ಬೋಧೆಗೆ ಮೆಟ್ಟಿಲಾಗಿ ಬಳಸಿಕೊಂಡ ಜಾಣ ಪ್ರಚಾರಕರೆಂಬುದು ಇನ್ನೊಂದು. ಪರಸ್ಪರ ವಿರುದ್ಧವಾಗಿ ತೋರುವ ಈ ಎರಡಕ್ಕೂ ಬೇರು ಒಂದೇ: ಶ್ರದ್ಧೆಯೆಂದರೆ ಯಾವ ಪಂಕ್ತಿಯಲ್ಲಿ ಕುಳಿತಿರುವನೆಂಬ ಲೆಕ್ಕವೆಂದು ಎರಡೂ ಬಗೆದಿವೆ. ಅವರ ಕೃತಿಗಳನ್ನು ತಾಳ್ಮೆಯಿಂದ ಓದಿದವರಿಗೆ ಈ ಲೆಕ್ಕವು ಒಪ್ಪುವುದಿಲ್ಲ.

ಬಾಸೆಲ್ ಸಭೆಯ ವಿಧಿಯನ್ನೇ ನೋಡಬೇಕು. ಅಲ್ಲಿ ಶಿಶುವಿಗೆ ದೀಕ್ಷಾಸ್ನಾನವಾಗುತ್ತದೆ, ಬೆಳೆದ ಮೇಲೆ ಪ್ರಶ್ನೋತ್ತರವನ್ನು ಕಲಿತು ಅದೇ ವಿಶ್ವಾಸವನ್ನು ಸಭೆಯ ಮುಂದೆ ತನ್ನ ಬಾಯಿಂದ ಹೇಳಬೇಕು, ಇದು ದೃಢೀಕರಣ. ಕೊಟ್ಟ ವಿಶ್ವಾಸವು ಸ್ವೀಕೃತವಾಗುವವರೆಗೆ ಪೂರ್ಣವಲ್ಲವೆಂದು ಸಭೆಯೇ ಒಪ್ಪಿಕೊಂಡಂತಾಯಿತು. (ಎಂಟನೆಯ ವರುಷದಲ್ಲಿ ಗಾಯತ್ರಿಯನ್ನು ಕಿವಿಯಲ್ಲಿ ಪಡೆದ ವಟುವಿಗೆ ಅದರ ಅರ್ಥವು ಯಾವ ವರುಷದಲ್ಲಿ ತನ್ನದಾಗುವುದೆಂದು ನಮ್ಮ ಗೃಹ್ಯಸೂತ್ರಗಳು ಹೇಳುವುದಿಲ್ಲ.) ಆದರೆ ದೃಢೀಕರಣದ ದಿನ ಹೇಳುವುದೂ ಕಲಿತ ಉತ್ತರವೇ ಅಲ್ಲವೆ? ವೇದಾಂತಿಗಳ ಪರಿಭಾಷೆಯಲ್ಲಿ ಅದು ಇನ್ನೂ ಪರೋಕ್ಷಜ್ಞಾನ. ಹೊಳೆ ದಾಟಿದ ಹತ್ತು ಮಂದಿಯಲ್ಲಿ ಎಣಿಸುವವನು ತನ್ನನ್ನು ಬಿಟ್ಟು ಒಂಬತ್ತನ್ನೇ ಎಣಿಸಿ ಅಳುವ ದೃಷ್ಟಾಂತವು ಪ್ರಸಿದ್ಧವಾಗಿದೆ. ‘ಹತ್ತನೆಯವನು ಇದ್ದಾನೆ’ ಎಂಬ ಆಪ್ತವಾಕ್ಯದಿಂದ ಸಮಾಧಾನವಾಗುತ್ತದೆ. ‘ಹತ್ತನೆಯವನು ನೀನೇ’ ಎಂದಾಗ ಸಾಕ್ಷಾತ್ಕಾರವಾಗುತ್ತದೆ. ಮನೆಯೂ ಶಾಲೆಯೂ ಮೊದಲನೆಯ ವಾಕ್ಯವನ್ನು ಕೊಡಬಲ್ಲವು.

ಎರಡನೆಯದು ಚನ್ನಪ್ಪನವರಿಗೆ ಎಲ್ಲಿಂದ ಬಂದಿತೆಂಬುದೇ ಇಲ್ಲಿಯ ವಿಚಾರ. ಸರ್ವಜ್ಞನ ಸಂಕಲನವು ಅದಕ್ಕೆ ಒಳ್ಳೆಯ ಸಾಕ್ಷಿ. ಬೀಳಗಿಯ ಹೊಲಗಳಲ್ಲಿಯೂ ರಬಕವಿ–ಬನಹಟ್ಟಿಯ ಮಗ್ಗದ ಮನೆಗಳಲ್ಲಿಯೂ ಬಾಯಿಂದ ಬಾಯಿಗೆ ಸಾಗುತ್ತ ಬಂದ ಕವಿ ಸರ್ವಜ್ಞ. ಓಲೆಗಳಲ್ಲಿ ಚೆದರಿ, ಪಾಠಾಂತರಗಳಲ್ಲಿ ಮುಳುಗಿದ್ದವನು. ಅಂಥವನ ಎರಡು ಸಾವಿರದಷ್ಟು ತ್ರಿಪದಿಗಳನ್ನು ಕೂಡಿಸಿ, ವಿಷಯಾನುಸಾರ ಪದ್ಧತಿಗಳಾಗಿ ಹಂಚಿದುದು ಒಬ್ಬ ಮನುಷ್ಯನ ಬಲಕ್ಕೆ ಮೀರಿದ ಕೆಲಸ. ಪ್ರಚಾರವೇ ಗುರಿಯಾಗಿದ್ದರೆ ವಿಗ್ರಹವನ್ನು ಹಳಿಯುವ, ಜಾತಿಯನ್ನು ಜರೆಯುವ ನೂರು ಪದ್ಯಗಳನ್ನು ಆರಿಸಿ ಕಿರುಹೊತ್ತಗೆಯೊಂದನ್ನು ಅಚ್ಚುಹಾಕಿಸಬಹುದಾಗಿತ್ತು. ಖರ್ಚೂ ಕಡಿಮೆ, ಸಭೆಯ ಮೆಚ್ಚಿಕೆಯೂ ಹೆಚ್ಚು. ಸಂಪಾದಕರು ಹಾಗೆ ಮಾಡಲಿಲ್ಲ. ಗುರು, ಲಿಂಗ, ಜಂಗಮಗಳನ್ನು ಕೊಂಡಾಡುವ ಪದ್ಯಗಳೂ ಅಷ್ಟೇ ಆದರದಿಂದ ಅಲ್ಲಿ ಸೇರಿವೆ. ತನ್ನ ಸಭೆಯು ಹೇಳಿಕೊಡದ ಮಾತನ್ನು ತಿದ್ದದೆ, ಮುಚ್ಚದೆ, ಕಾಲು–ಮಾತ್ರೆಗಳ ಸಹಿತ ಉಳಿಸಬೇಕೆಂದು ದುಡಿಯುವವನಿಗೆ ಆ ಮಾತಿನಲ್ಲಿ ಏನೋ ಕಂಡಿರಬೇಕು. ಮೋಗ್ಲಿಂಗ್ ಪಂಡಿತರು ೧೮೪೮ರಿಂದ ಮಂಗಳೂರಿನಲ್ಲಿ ಪ್ರಾಚೀನ ಕನ್ನಡ ಕೃತಿಗಳನ್ನೂ ದಾಸರ ಪದಗಳನ್ನೂ ಅಚ್ಚುಮಾಡಿಸಿದರು. ಕಿಟೆಲರು ೧೮೬೨ರಲ್ಲಿ ಕ್ರಿಸ್ತಚರಿತೆಯನ್ನು ಕನ್ನಡ ಛಂದಸ್ಸಿನಲ್ಲಿ ‘ಕಥಾಮಾಲೆ’ಯಾಗಿ ಕಟ್ಟಿದರು. ಅವರು ಈ ನಾಡಿನ ಜನರನ್ನು ಅರಿಯಲು ಹಳೆಯ ಗ್ರಂಥಗಳನ್ನು ತೆರೆದವರು. ಅವರ ಶಾಲೆಯಲ್ಲಿ ಬೆಳೆದ ಚನ್ನಪ್ಪನವರು ಅದೇ ಬಗೆಯ ಓಲೆಗಳನ್ನು ದೇವರನ್ನು ಅರಿಯುವುದಕ್ಕಾಗಿ ತೆರೆದರು.

ಈ ಅರಿವಿಗೆ ‘ಸಮನ್ವಯ’ವೆಂದು ಹೆಸರಿಡುವುದು ವಾಡಿಕೆ. ಅದಕ್ಕಿಂತ ‘ಪ್ರತ್ಯಭಿಜ್ಞೆ’ಯೆಂಬ ಶಾಸ್ತ್ರೀಯ ಶಬ್ದವು ತಕ್ಕುದು. ಹಿಂದೆ ಒಂದೂರಿನಲ್ಲಿ ಕಂಡ ದೇವದತ್ತನನ್ನು ಇಂದು ಬೇರೊಂದೂರಿನಲ್ಲಿ ನೋಡಿ ‘ಅವನೇ ಇವನು’ ಎನ್ನುವುದು ಪ್ರತ್ಯಭಿಜ್ಞೆ. ಅದರಲ್ಲಿ ನೆನಪೂ ಇದೆ, ಹೊಸ ನೋಟವೂ ಇದೆ. ಹಳೆಯ ಪರಿಚಯವಿಲ್ಲದವನಿಗೆ ಅದು ಆಗದು. ಹಳೆಯ ಊರಿನಲ್ಲಿಯೇ ಕುಳಿತವನಿಗೂ ಆಗದು. ಧಾರವಾಡದ ಮನೆಯಲ್ಲಿ ಹೆತ್ತವರ ಪ್ರಾರ್ಥನೆಯಲ್ಲಿ ಕೇಳಿದ ದೇವರನ್ನು ಚನ್ನಪ್ಪನವರು ಕಲ್ಯಾಣದ ಶರಣರ ಮಾತಿನಲ್ಲಿ ಕಂಡು ಗುರುತು ಹಿಡಿದರು. ಆದುದರಿಂದಲೇ ಅವರಿಗೆ ಸಭೆಯನ್ನು ಬಿಡಬೇಕಾಗಲಿಲ್ಲ, ಶರಣರನ್ನು ಬಿಡುವುದೂ ಆಗಲಿಲ್ಲ. ಬನಾರಸಕ್ಕೆ ಬೆತ್ಲೆಹೇಮಿನ ವಿನಂತಿಯನ್ನು ಒಯ್ಯುವ ಹೆಸರುಳ್ಳ ಅವರ ಪುಸ್ತಕವು ಒಂದು ದಿಕ್ಕಿಗೆ ನಡೆದರೆ, ಅನುಭವಮಂಟಪದ ಐತಿಹಾಸಿಕತೆಯನ್ನು ಕುರಿತ ೧೯೫೧ರ ಗ್ರಂಥವು ಮತ್ತೊಂದು ದಿಕ್ಕಿಗೆ ನಡೆಯುತ್ತದೆ. ಮಂಟಪವೇ ಇರಲಿಲ್ಲವೆಂದು ಸಂಶಯ ಹುಟ್ಟಿದ್ದ ಕಾಲದಲ್ಲಿ, ಅದು ಇದ್ದಿತೆಂದು ಸಾಧಿಸಲು ಒಬ್ಬ ಸಭಾಪಾಲಕರು ಪ್ರಮಾಣಗಳನ್ನು ಹುಡುಕಿದುದೇಕೆ? ಜಾತಿ, ಲಿಂಗ, ಕಾಯಕಗಳ ಭೇದವಿಲ್ಲದೆ ಕುಳಿತು ತಮ್ಮ ತಮ್ಮ ಅನುಭವವನ್ನೇ ಪ್ರಮಾಣವಾಗಿ ಮುಂದಿಟ್ಟ ಒಂದು ಕೂಟವು ಈ ಮಣ್ಣಿನ ಮೇಲೆ ನಿಜವಾಗಿ ನಡೆದಿತ್ತೆ ಎಂಬುದು ಅವರಿಗೆ ಬರಿಯ ಇತಿಹಾಸದ ಪ್ರಶ್ನೆಯಾಗಿರಲಾರದು.

ಇದೇ ಸೇತುವೆಯನ್ನು ಎದುರು ದಿಕ್ಕಿನಿಂದ ದಾಟಿದವರು ಮರಾಠಿಯ ನಾರಾಯಣ ವಾಮನ ಟಿಳಕರು (೧೮೬೧–೧೯೧೯). ಬ್ರಾಹ್ಮಣರಾಗಿ ಹುಟ್ಟಿ ೧೮೯೫ರಲ್ಲಿ ಕ್ರೈಸ್ತರಾದ ಮೇಲೂ ತುಕಾರಾಮನನ್ನು ಬಿಡದೆ, ಅವನ ಧಾಟಿಯಲ್ಲಿ ಕ್ರಿಸ್ತನ ಭಜನೆಗಳನ್ನು ಹಾಡಿದರು. ಟಿಳಕರ ನಡಿಗೆ ಕಣ್ಣಿಗೆ ಬೀಳುವಂಥದು; ಮತಾಂತರಕ್ಕೆ ದಿನಾಂಕವಿದೆ. ಚನ್ನಪ್ಪನವರ ನಡಿಗೆಗೆ ದಿನಾಂಕವಿಲ್ಲ. ಹೊರಗಿನಿಂದ ನೋಡಿದರೆ ಅವರು ಕುಳಿತಲ್ಲಿಂದ ಕದಲಿಲ್ಲ.

ಪಟವರ್ಧನರ ಆಳಿಕೆಯಲ್ಲಿದ್ದ ಜಮಖಂಡಿಯಲ್ಲಿ ೧೮೮೬ರಲ್ಲಿ ಹುಟ್ಟಿದ ರಾಮಚಂದ್ರ ದತ್ತಾತ್ರೇಯ ರಾನಡೆಯವರನ್ನು ಇಲ್ಲಿ ನೆನೆಯದಿರಲಾಗದು. ಅವರು ನಾಮದೀಕ್ಷೆ ಪಡೆದ ಸಂಪ್ರದಾಯವು ನಿಂಬರಗಿಯ ಲಿಂಗಾಯತ ಗುರುವಿನಿಂದ ಉಮದಿಯ ಬ್ರಾಹ್ಮಣ ಭಾವೂಸಾಹೇಬರಿಗೆ ಇಳಿದುದು. ೧೯೩೩ರಲ್ಲಿ ಮಹಾರಾಷ್ಟ್ರದ ಅನುಭಾವಿಗಳನ್ನು ಕುರಿತು ಬರೆಯುವಾಗ ಅವರು ಕ್ರೈಸ್ತ ಸಂತರನ್ನು ಹೋಲಿಕೆಗೆ ತಂದರು. ಕನ್ನಡ ಸಂತರನ್ನು ಕುರಿತ ಅವರ ಗ್ರಂಥವು ನಿಧನಾನಂತರ ೧೯೬೦ರಲ್ಲಿ ಹೊರಬಿದ್ದಿತು. ಅವರ ಹೋಲಿಕೆಯಲ್ಲಿ ತತ್ತ್ವಜ್ಞನ ದೂರವಿದೆ. ಎತ್ತರದಿಂದ ನೋಡಿ ಎಲ್ಲ ಶಿಖರಗಳನ್ನೂ ಒಂದೇ ಸಾಲಿನಲ್ಲಿ ಎಣಿಸುತ್ತಾರೆ. ಚನ್ನಪ್ಪನವರ ಬರಹದಲ್ಲಿ ಆ ಎತ್ತರವಿಲ್ಲ, ವ್ಯವಸ್ಥೆಯೂ ಕಡಮೆ. ಕೆಳಗಿನ ಹಾದಿಯ ಧೂಳು ಅದರಲ್ಲಿ ಇದೆ.

ದೋಷವನ್ನೂ ಹೇಳಬೇಕು. ದೇಶಕಾಲಗಳ ಭೇದವನ್ನು ಅರಿತಿದ್ದೇ ‘ಅವನೇ ಇವನು’ ಎನ್ನುವುದು ಪ್ರತ್ಯಭಿಜ್ಞೆ. ಭೇದವನ್ನು ಮರೆತರೆ ಚಿಪ್ಪಿನಲ್ಲಿ ಬೆಳ್ಳಿಯನ್ನು ಕಂಡಂತೆ ಭ್ರಾಂತಿಯಾದೀತು. ಲಿಂಗಾಯತ, ಕ್ರೈಸ್ತ ಧರ್ಮಗಳನ್ನು ತೂಗಿ ನೋಡುವಾಗ ಎಲ್ಲರೂ ಜಾರುವ ಎಡೆ ಇದು. ಅಂಗೈಯ ಮೇಲಿನ ಇಷ್ಟಲಿಂಗವು ಇತಿಹಾಸದಲ್ಲಿ ಹುಟ್ಟಿ ಸತ್ತ ವ್ಯಕ್ತಿಯಲ್ಲ. ಕ್ರಿಸ್ತನು ಪಾಪಕ್ಕಾಗಿ ತೆತ್ತ ಬಲಿಯು ಶರಣರ ಪ್ರಸಾದತತ್ತ್ವದಲ್ಲಿ ಅಡಗುವಂಥದಲ್ಲ. ಚನ್ನಪ್ಪನವರ ತುಲನೆಯಲ್ಲಿ ಸಾಮ್ಯವನ್ನು ಕಾಣುವ ಕಣ್ಣು ಹರಿತ, ವೈಷಮ್ಯವನ್ನು ಕಾಣುವ ಕಣ್ಣು ಅಷ್ಟಿಲ್ಲ. ವಾದದಲ್ಲಿ ಪ್ರತಿಪಕ್ಷಿಯು ಇದನ್ನು ಹಿಡಿದಾನು, ಹಿಡಿಯಲೂ ಬೇಕು. ಆದರೆ ಸಂಪಾದಕರಾಗಿ ಕುಳಿತಾಗ ಆ ಸಡಿಲು ಕಾಣಿಸದು. ಅಲ್ಲಿ ಪದ್ಯಕ್ಕೆ ಪದ್ಯದ್ದೇ ಮಾತು.

ತಮ್ಮನ್ನು ಅವರು ‘ತಿರುಳ್ಗನ್ನಡದ ತಿರುಕ’ನೆಂದು ಕರೆದುಕೊಂಡರು. ಜಂಗಮನು ಮನೆಮನೆಗೆ ಜೋಳಿಗೆ ಹಿಡಿದು ಹೋಗುವ ಸೀಮೆಯಲ್ಲಿ ಈ ಶಬ್ದಕ್ಕೆ ಇರುವ ಮರ್ಯಾದೆಯನ್ನು ಬಲ್ಲವರೇ ಅದನ್ನು ಆರಿಸಿಕೊಳ್ಳುವರು. ‘ದೀನಸೇವಕ’ನೆಂಬ ಸಭೆಯ ಮಾತು ಕೈಯಳತೆಯಲ್ಲಿಯೇ ಇದ್ದಿತು, ಅದನ್ನು ಬಿಟ್ಟು ಇದನ್ನು ತೆಗೆದುಕೊಂಡಿರುವರು.